ಮಲ್ಲಪ್ಪನನ್ನು ಚಂದ್ರನಿಗೆ ಕಳಿಸಿದವನು ನಾನು

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಛಾಪಖಾನೆಯಲ್ಲಿ ನಾನು ಮೂವತ್ತೆಂಟು ವರ್ಷ ಚಿತ್ರ ಬರೆದೆ. ಬೀಡಿ ಕಟ್ಟಿನ ಚೀಟಿ, ಹತ್ತಿ ಅಂಡಿಗೆಯ ಛಾಪು, ಎಣ್ಣೆ ಡಬ್ಬಿಯ ಲೇಬಲ್ಲು, ಇವೇ ನನ್ನ ಹೊಟ್ಟೆಪಾಡು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಆದರೆ ನಮ್ಮ ಓಣಿಯ ಹುಡುಗಿಯೊಬ್ಬಳು ಈಗ ಒಂದು ವಾರಪತ್ರಿಕೆಗೆ ನಗೆಚಿತ್ರ ಬರೆಯಲು ಸೇರಿದ್ದಾಳೆ. ಮೊನ್ನೆ ಬಂದು, “ಕಾಕಾ, ನೀವು ಹಿಂದಕ ಚಂದ್ರಲೋಕದ ನಗೆಚಿತ್ರ ಬರೀತಿದ್ರಂತ, ಖರೇ ಏನ್ರಿ?” ಎಂದು ಕೇಳಿದಳು. ಖರೆ ಎಂದೆ. “ಭಾಳ ಮಜಾ ಇದ್ದಿರಬೇಕು” ಎಂದಳು.

ಮಜಾ ಇತ್ತು. ಆದರೆ ಆ ಹತ್ತು ವರ್ಷಗಳನ್ನು ನೆನೆಸಿಕೊಂಡರೆ ಮೊದಲು ಬರುವುದು ನಗೆಯಲ್ಲ, ಎದೆ ಧಸಕ್ಕೆಂದದ್ದು. ನಾಲ್ಕೈದು ಸಲ ನಾನು ಕೈಯಲ್ಲಿನ ಲೇಖನಿ ಕೆಳಗಿಟ್ಟು ಸುಮ್ಮನೆ ಕುಳಿತಿದ್ದೇನೆ. ಆ ಹುಡುಗಿಗೆ ಅವನ್ನೇ ಬರೆದುಕೊಡುತ್ತೇನೆ.

ನಮ್ಮದು ಕಲ್ಲಚ್ಚಿನ ಛಾಪಖಾನೆ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಗೋಂದಿನ ನೀರು ಸವರಿ, ಮೇಲೆ ಮಸಿಯ ಉರುಳೆ ಹಾಯಿಸಿದರೆ ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಬೇಕು. ಹಾಗಾಗಿ ಕಲ್ಲಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಬರೆಯಬೇಕು. ನಾನು ಸೇರಿದಾಗ ಮಾಲಕರಾದ ರಾಚಪ್ಪನವರು ಆರು ತಿಂಗಳು ನನ್ನಿಂದ ಅಕ್ಷರಮಾಲೆಯನ್ನು ಉಲ್ಟಾ ತಿದ್ದಿಸಿದರು. ಒಮ್ಮೆ ಸೋದರಮಾವನಿಗೆ ಪತ್ರ ಬರೆದು ಅವ್ವನ ಕೈಗೆ ಕೊಟ್ಟರೆ, ಅವಳು ಅದನ್ನು ನೋಡಿ, “ಯಾರೋ ಏನೋ ಮಾಡಿಸ್ಯಾರ ನನ್ನ ಮಗಗ” ಎಂದು ಅತ್ತಳು. ಪತ್ರವನ್ನೆಲ್ಲ ನಾನು ಉಲ್ಟಾ ಬರೆದಿದ್ದೆ.

ರಾಚಪ್ಪನವರು ಅಂಜುಬುರುಕರೆಂದು ಓಣಿಗೆಲ್ಲ ಗೊತ್ತು. ಪೊಲೀಸನೊಬ್ಬ ಬೀದಿಯಲ್ಲಿ ಹೋದರೂ ಎದ್ದು ನಿಲ್ಲುವವರು. ಅಂಥವರ ಛಾಪಖಾನೆಗೆ ಒಂದು ದಿನ ಧಾರವಾಡದಿಂದ ದೇಶಪಾಂಡೆ ಮಾಸ್ತರರು ಬಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ತೆಳ್ಳಗೆ, ಉದ್ದಕ್ಕೆ, ಕೋಟಿನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಚೂರು. ಕಂಕುಳಲ್ಲಿ ಒಂದು ಕಟ್ಟು. ಸ್ಟೇಶನ್ನಿನ ಹತ್ತಿರದ ರದ್ದಿ ಅಂಗಡಿಯಲ್ಲಿ ಹಳೆಯ ಅಮೆರಿಕನ್ ಮಾಸಿಕಗಳು ಅವರಿಗೆ ಸಿಕ್ಕಿದ್ದವು. ಯಾರೋ ರೈಲ್ವೆ ಸಾಹೇಬರು ಓದಿ ಬಿಸಾಕಿದವು. ಮೇಜಿನ ಮೇಲೆ ಬಿಚ್ಚಿಟ್ಟರು. ಮೊದಲನೆಯದರ ಹೊದಿಕೆಯ ಮೇಲೆ ಹಸಿರು ಮೈಯ, ಹತ್ತು ಕೈಯ, ಒಂದೇ ಕಣ್ಣಿನ ಪ್ರಾಣಿ ಗಾಜಿನ ಮನೆಯೊಂದನ್ನು ಹಿಂಡುತ್ತಿತ್ತು.

ರಾಚಪ್ಪನವರು ನನ್ನನ್ನು ಕೂಗುತ್ತ ಒಂದು ಹೆಜ್ಜೆ ಹಿಂದೆ ಸರಿದರು. “ಏ ಚನ್ನಬಸೂ, ಇದೇನ ಪಿಶಾಚಿನೋ! ದೇವರ ಫೋಟೋದ ಮುಂದ ತಂದು ಇಟ್ಟಾರಲ್ಲೋ!” ಎಂದವರೇ ಅದನ್ನು ಬೋರಲು ಹಾಕಿದರು.

“ಪಿಶಾಚಿ ಅಲ್ರಿ ರಾಚಪ್ಪನವರ, ಶುಕ್ರಗ್ರಹದ ರಹವಾಸಿ,” ಎಂದರು ಮಾಸ್ತರರು ಶಾಂತವಾಗಿ. “ಈ ಪುಸ್ತಕದಾಗ ಎಲ್ಲಾ ಕಥಿ ಹಿಂಗನ ಅವ. ಬ್ಯಾರೆ ಲೋಕ, ಬ್ಯಾರೆ ಯಂತ್ರ, ಮುಂದ ಬರೋ ಕಾಲ. ನಾವೊಂದು ಹದಿನೈದು ಮಂದಿ ಇದನ್ನ ಓದಿ ಹುಚ್ಚಾಗೀವಿ. ನಮ್ಮದ ಒಂದು ಮಾಸಿಕ ಮಾಡಬೇಕಂತ ಅದ.”

ಆ ಮಾಸಿಕಕ್ಕೆ ‘ಗ್ರಹಾಂತರ’ ಎಂದು ಹೆಸರಾಯಿತು. ಎಂಬತ್ತು ಪ್ರತಿ. ಓದುವವರೆಂದರೆ ಧಾರವಾಡದ ಮಾಸ್ತರರು, ರೈಲ್ವೆ ವರ್ಕ್‌ಶಾಪಿನ ಫಿಟ್ಟರರು, ಗದಗಿನ ಒಬ್ಬ ಡಾಕ್ಟರು, ಉಪ್ಪಿನಬೆಟಗೇರಿಯ ಒಬ್ಬ ಹತ್ತಿ ವ್ಯಾಪಾರಿ, ಹೀಗೆ. ಅವರು ಕಥೆ ಬರೆದು ಕಳಿಸುತ್ತಿದ್ದರು, ಪತ್ರದಲ್ಲಿ ಜಗಳಾಡುತ್ತಿದ್ದರು. ಚಂದ್ರನ ಮೇಲೆ ಗಾಳಿ ಇದೆಯೋ ಇಲ್ಲವೋ ಎಂಬುದರ ಮೇಲೆ ಇಬ್ಬರು ಮಾತು ಬಿಟ್ಟದ್ದು ನನಗೆ ಗೊತ್ತು. ಕೊನೆಯ ಪುಟಕ್ಕೆ ಆರು ಚೌಕದ ಒಂದು ನಗೆಚಿತ್ರ ಬೇಕು, ಅದನ್ನು ನಾನು ಬರೆಯಬೇಕು ಎಂದು ಮಾಸ್ತರರು ಹೇಳಿದರು. ಛಾಪಖಾನೆಯಲ್ಲಿ ಅದಕ್ಕೆ ನಾವು ‘ಖಾನೆ ಚಿತ್ರ’ ಎನ್ನುತ್ತಿದ್ದೆವು.

ನಾನು ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಂಡೆ. ತಲೆಗೆ ದೊಡ್ಡ ರುಮಾಲು, ದಪ್ಪ ಮೀಸೆ. ಹತ್ತಿ ಜಿನ್ನಿಂಗ್ ಗಿರಣಿಯ ಹಳೆಯ ಬಾಯ್ಲರಿಗೆ ಚಕ್ಕಡಿ ಕಟ್ಟಿ, ಎತ್ತುಗಳ ಸಮೇತ ಚಂದ್ರನಿಗೆ ಹೋಗುತ್ತಾನೆ. ಇಳಿದವನೇ ಅಲ್ಲಿಯ ಜನರನ್ನು ಕೇಳುತ್ತಾನೆ: “ಇಲ್ಲಿ ಭೂಮಿ ಕರೇದೋ, ಕೆಂಪೋ?” ಹೆಸರು ಬೇಕಿತ್ತು. ಧಾರವಾಡದ ಆಚೆ ಮುಗದ ಎಂಬ ಹಳ್ಳಿಯಿದೆ. ಬಾಯಿಗೆ ಸಲೀಸಾಗಿ ಬಂದದ್ದು ‘ಮುಗದದ ಮಲ್ಲಪ್ಪ’.

ಮಾಸ್ತರರು ಕರಡು ನೋಡಿ ನಕ್ಕರು. ಆಮೇಲೆ ಕನ್ನಡಕ ಏರಿಸಿ, “ನಗು ಬರಬೇಕು ಚನ್ನಬಸಪ್ಪ, ಆದ್ರ ವಿಜ್ಞಾನ ತಪ್ಪಬಾರದು,” ಎಂದರು. “ಇಲ್ಲಿ ನೋಡು, ಇವನ ರುಮಾಲು ದಡ್ ಅಂತ ಬಿದ್ದದ. ಚಂದ್ರನ ಮ್ಯಾಲೆ ಹಂಗ ಬೀಳೂದಿಲ್ಲ. ಅಲ್ಲಿ ಎಳೆತ ಆರನೇ ಒಂದು ಪಾಲು. ನಿಧಾನಕ್ಕ ಬೀಳ್ತದ.”

ಹಾಗಾಗಿ ಮಲ್ಲಪ್ಪ ಮುಗ್ಗರಿಸಿದಾಗಲೆಲ್ಲ ಅವನು ಎದ್ದು, ಧೂಳು ಕೊಡವಿಕೊಂಡು, ನಾಲ್ಕು ಮಾತಾಡಿದ ಮೇಲೆ ರುಮಾಲು ಬಂದು ತಲೆಯ ಮೇಲೆ ಕೂರತೊಡಗಿತು. ಓದುಗರಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು. ತಿದ್ದುಪಡಿಯೇ ತಮಾಷೆಯಾಯಿತು.

ಮೊದಲನೆಯ ಸಂಚಿಕೆಯಲ್ಲಿಯೇ ನಾನು ಮುಖ ಮುಚ್ಚಿಕೊಳ್ಳುವಂಥ ಕೆಲಸ ಮಾಡಿದೆ. ಕಲ್ಲಿನ ಮೇಲೆ ಬರೆಯುವ ದಿನ ಮಾಸ್ತರರು ಮಗ್ಗುಲಲ್ಲೇ ಕುಳಿತು ಒಂದೊಂದು ಮಾತನ್ನೂ ಹೇಳಿ ಬರೆಸಿದರು. ಅವರ ಬಾಯಿ ನೋಡುತ್ತ ನಾನು ಶಾಲೆಯ ಹುಡುಗನಂತೆ ನೆಟ್ಟಗೆ ಬರೆದುಕೊಂಡು ಹೋದೆ. ಎಂಟು ವರ್ಷದ ರೂಢಿ ಒಂದು ಗಳಿಗೆಯಲ್ಲಿ ಮರೆತುಹೋಯಿತು. ಎಂಬತ್ತು ಹಾಳೆಗಳೂ ಅಚ್ಚಾದ ಮೇಲೆ ನೋಡಿದರೆ ಮಲ್ಲಪ್ಪನ ಮಾತು, ಚಂದ್ರಲೋಕದವರ ಮಾತು ಎಲ್ಲ ಉಲ್ಟಾ! ಇನ್ನೊಮ್ಮೆ ಅಚ್ಚು ಹಾಕಲು ಕಾಗದವಿಲ್ಲ. ಮಾಸ್ತರರು ಒಂದು ಹಾಳೆಯನ್ನು ತಿರುವಿ ಹಿಂಬದಿಯಿಂದ ಓದಿ ನೋಡಿದರು. ಆಮೇಲೆ ಲೇಖನಿ ತೆಗೆದುಕೊಂಡು ಪ್ರತಿಯೊಂದು ಹಾಳೆಯ ಕೆಳಗೂ ಕೈಯಿಂದ ಬರೆದರು: ‘ಇದು ಚಂದ್ರಲೋಕದ ಲಿಪಿ. ಕನ್ನಡಿ ಹಿಡಿದು ಓದತಕ್ಕದ್ದು.’ ಓದುಗರು ಇದನ್ನು ಬೇಕೆಂದೇ ಮಾಡಿದ ಚಮತ್ಕಾರವೆಂದು ತಿಳಿದು ಹೊಗಳಿ ಬರೆದರು. ಆ ಹೊಗಳಿಕೆಯನ್ನು ಓದುವಾಗ ಬೈಸಿಕೊಂಡದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಇದಾಗಿ ಒಂದು ವರ್ಷದ ಮೇಲೆ, ಸಂತೆಯ ದಿನ ಮಧ್ಯಾಹ್ನ, ಛಾಪಖಾನೆಯ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ದೊಡ್ಡ ರುಮಾಲು, ದಪ್ಪ ಮೀಸೆ, ಕೈಯಲ್ಲಿ ಮಡಿಚಿದ ‘ಗ್ರಹಾಂತರ’. ನಾನು ಬರೆದ ಚಿತ್ರವೇ ಎದ್ದು ಬಂದಂತಿತ್ತು.

“ಯಾರ್ರೀ ಇಲ್ಲಿ ಚಿತ್ರಾ ಬರಿಯಾವ್ರು?”

“ನಾನರಿ.”

“ನಾ ಮುಗದದ ಮಲ್ಲಪ್ಪ.”

ರಾಚಪ್ಪನವರು ಒಳಗಿನ ಕೋಣೆಗೆ ಸರಿದುಬಿಟ್ಟರು. ಆ ಊರಲ್ಲಿ ಆ ಹೆಸರಿನವರು ಒಬ್ಬರು ಇದ್ದಾರು ಎಂಬ ಯೋಚನೆ ನನಗೆ ಬಂದಿರಲೇ ಇಲ್ಲ. ಮುಗದದ ಶಾಲೆಯ ಮಾಸ್ತರರೊಬ್ಬರು ನಮ್ಮ ಓದುಗರು. ಅವರು ಚಿತ್ರವನ್ನು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳುತ್ತಿದ್ದರಂತೆ.

“ಕಾಕಾರ, ತಪ್ಪಾತರಿ. ನಾ ನಿಮ್ಮನ್ನ ನೋಡಿ ಬರದಿದ್ದಲ್ಲರಿ...” ಎಂದೆ.

“ತಡಿ ತಮ್ಮಾ,” ಎಂದರು ಅವರು. ಕುಳಿತರು. “ಊರಾಗ ಎಲ್ಲಾರೂ ನನ್ನ ನೋಡಿ ನಗತಾರ. ನಗಲಿ. ಚಂದ್ರನ ಮ್ಯಾಲ ಮಳಿ ಆತೇನ್ರಿ ಅಂತ ಕೇಳತಾರ. ಕೇಳಲಿ. ಆದ್ರ ಇದೇನಿದು?”

ಅವರು ಹಾಳೆ ಬಿಚ್ಚಿ ಬೆರಳಿಟ್ಟರು. ಮೂರನೆಯ ಚೌಕದಲ್ಲಿ, ಚಂದ್ರನ ಧೂಳಿನಲ್ಲಿ ಸಿಕ್ಕ ಎತ್ತುಗಳಿಗೆ ಮಲ್ಲಪ್ಪ ಬಾರಕೋಲು ಎತ್ತಿ ಹೊಡೆಯುತ್ತಿದ್ದ.

“ಹುಟ್ಟಿದಾರಭ್ಯ ನಾ ಎತ್ತಿಗೆ ಕೈ ಮಾಡಿದಾವಲ್ಲ. ನಮ್ಮಪ್ಪನೂ ಅಲ್ಲ. ಊರಾಗ ಯಾರನ್ನ ಬೇಕಾದ್ರೂ ಕೇಳು. ಇದನ್ನ ನೋಡಿ ನನ್ನ ಮಗಳು ನಾಕು ದಿನ ನನ್ನ ಕೂಡ ಮಾತಾಡಲಿಲ್ಲ. ‘ಅಪ್ಪಾ, ಯಾರಿಗೂ ಕಾಣದಂಗ ಬಡೀತಿದ್ಯೇನೋ’ ಅಂದ್ಲು.”

ಹೊಡೆಸಿಕೊಳ್ಳಲು ಸಿದ್ಧನಾಗಿ ನಿಂತಿದ್ದವನಿಗೆ ಈ ಮಾತು ತಡೆಯಲಾಗಲಿಲ್ಲ. ನಾನು ಬಾರಕೋಲು ಬರೆದದ್ದು ಯಾಕೆ? ಒಕ್ಕಲಿಗನ ಕೈಯಲ್ಲಿ ಏನಾದರೂ ಇರಬೇಕಲ್ಲ ಎಂದು. ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಬಾರಕೋಲು ಹೋಯಿತು. ಎತ್ತುಗಳು ನಿಂತಾಗ ಮಲ್ಲಪ್ಪ ಅವುಗಳ ಕಿವಿಯಲ್ಲಿ ಏನೋ ಹೇಳುತ್ತಾನೆ, ಅವು ಮುಂದೆ ಹೋಗುತ್ತವೆ. ಅದಕ್ಕೆ ಇನ್ನೂ ಹೆಚ್ಚು ನಗೆ ಬಂತು. ಅಂದಿನಿಂದ ಮುಗದದ ಮಲ್ಲಪ್ಪನವರು ಸಂತೆಗೆ ಬಂದಾಗಲೆಲ್ಲ ಛಾಪಖಾನೆಯಲ್ಲಿ ಒಂದು ಗಳಿಗೆ ಕುಳಿತು, “ಈ ಸಲ ನಾ ಎಲ್ಲಿ ಹೋಗೇನಿ?” ಎಂದು ಕೇಳಿಕೊಂಡು ಹೋಗುತ್ತಿದ್ದರು.

ಯುದ್ಧ ಬಂತು. ಜರ್ಮನಿಯಿಂದ ಬರುತ್ತಿದ್ದ ಕಲ್ಲು ನಿಂತಿತು, ಕಾಗದ ಸಿಗದಾಯಿತು. ರಾಚಪ್ಪನವರು ಎಲ್ಲಿಂದಲೋ ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರ ತಂದರು. ಮೇಣದ ಹಾಳೆಯ ಮೇಲೆ ಮೊಳೆಯಂಥ ಲೇಖನಿಯಿಂದ ಗೀರಿ, ಉರುಳೆಗೆ ಸುತ್ತಿ ತಿರುಗಿಸಬೇಕು. ನೆಟ್ಟಗೆ ಬರೆದರೆ ನೆಟ್ಟಗೇ ಬರುತ್ತದೆ! ನನಗೆ ಅದೇ ಒಂದು ಆಘಾತ. ಎರಡು ತಿಂಗಳು ಕೈ ತಾನಾಗಿ ಉಲ್ಟಾ ಹೋಗುತ್ತಿತ್ತು.

ಮೇಣದ ಹಾಳೆಗೆ ಇನ್ನೊಂದು ಗುಣ. ಒತ್ತಿ ಪೂರ್ತಿ ಸುತ್ತು ಹಾಕಿದರೆ ಒಳಗಿನ ಬಿಲ್ಲೆ ಕಳಚಿ ಬಿದ್ದುಬಿಡುತ್ತದೆ, ಅಲ್ಲಿ ಮಸಿ ತುಂಬಿ ಕರಿಯ ಗುಂಡಾಗುತ್ತದೆ. ನಮ್ಮ ಕನ್ನಡವೋ ಸುತ್ತುಗಳ ಭಾಷೆ. ಮೊದಲನೆಯ ಸಲ ಸೊನ್ನೆಗಳೆಲ್ಲ ಉದುರಿದವು, ಎತ್ತುಗಳ ಕಣ್ಣು ಉದುರಿದವು. ಮೇಲಿನ ಮೂಲೆಯಲ್ಲಿ ನಾನು ಬಹಳ ಪ್ರೀತಿಯಿಂದ ಗುಂಡಗೆ ಬರೆದ ಚಂದ್ರನೇ ಕಳಚಿ ನೆಲಕ್ಕೆ ಬಿದ್ದ. ಎಂಬತ್ತು ಪ್ರತಿಗಳಲ್ಲೂ ಕರಿಯ ಚಂದ್ರ. ಸುತ್ತು ಹಾಕುವಾಗ ಕೂದಲೆಳೆಯಷ್ಟು ಜಾಗ ಬಿಡಬೇಕೆಂದು ಆಮೇಲೆ ಕಲಿತೆ.

ಆ ಕರಿಯ ಚಂದ್ರ ನನ್ನನ್ನು ಪೊಲೀಸ್ ಚೌಕಿಗೆ ಒಯ್ದ. ಅದು ಚಳವಳಿಯ ಕಾಲ. ತಂತಿ ಕತ್ತರಿಸುತ್ತಿದ್ದರು, ಗುಪ್ತ ಪತ್ರಿಕೆಗಳು ಊರೂರಿಗೆ ಹಂಚಿಕೆಯಾಗುತ್ತಿದ್ದವು. ಅವೆಲ್ಲ ಸೈಕ್ಲೋಸ್ಟೈಲ್ ಆದವೇ. ಯಂತ್ರವಿದ್ದ ಮನೆಗಳನ್ನೆಲ್ಲ ತಡಕುತ್ತ ಫೌಜದಾರರು ನಮ್ಮಲ್ಲಿಗೂ ಬಂದರು. ಗ್ರಹಾಂತರದ ಕಟ್ಟು ಸಿಕ್ಕಿತು. ಅವರು ಮೇಲಿನ ಹಾಳೆಯನ್ನು ಬೆಳಕಿಗೆ ಹಿಡಿದರು.

“ಈ ಕರಿ ಚಂದ್ರ ಯಾವುದರ ಗುರ್ತು?”

“ಗುರ್ತಲ್ರಿ ಸಾಹೇಬರ. ಬಿದ್ದುಹೋತ್ರಿ.”

“ಚಂದ್ರ ಬಿದ್ದುಹೋದ ಅಂತೀ? ಅಮಾಸಿ ದಿನ ಏನ್ ಮಾಡಾವ್ರದೀರಿ ನೀವು? ಎಲ್ಲಿ ತಂತಿ ಕಡ್ಯಾವ್ರು?”

ನಾನು ಎರಡು ಹಗಲು ಚೌಕಿಯಲ್ಲಿ ಕುಳಿತೆ. ಇಂಥದ್ದರಲ್ಲಿ ನನ್ನ ಕೈಯಿಲ್ಲ ಎಂದು ದೇವರ ಆಣೆ ಮಾಡಿದೆ, ಅವ್ವನ ಆಣೆ ಮಾಡಿದೆ, ನಮ್ಮ ಮಾಲಕರು ನೊಣಕ್ಕೂ ಅಂಜುವವರು ಎಂದು ಹೇಳಿದೆ. ಕೊನೆಗೆ ಫೌಜದಾರರು ಒಂದು ಮೇಣದ ಹಾಳೆ ತರಿಸಿ, ತಾವೇ ತಮ್ಮ ಹೆಸರು ಬರೆದು ನೋಡಿದರು. ಸಿಟ್ಟಿನಲ್ಲಿ ಒತ್ತಿ ಬರೆದದ್ದಕ್ಕೆ ಹೆಸರಿನ ಸೊನ್ನೆ ಕಳಚಿ ಮೇಜಿನ ಮೇಲೆ ಬಿತ್ತು. ಅದನ್ನು ಬೆರಳಿಂದ ಒಮ್ಮೆ ಆಚೆ, ಒಮ್ಮೆ ಈಚೆ ಸರಿಸಿದರು. “ನಡಿ ಮನಿಗೆ” ಎಂದರು.

ನಾಲ್ಕು ತಿಂಗಳ ಮೇಲೆ ಗ್ರಹಾಂತರದ ಹಳೆಯ ಕಟ್ಟು ಬಿಚ್ಚುವಾಗ ನಡುವೆ ಒಂದು ಮೇಣದ ಹಾಳೆ ಕಂಡಿತು. ನನ್ನ ಕೈಯದಲ್ಲ. ಗಿಡ್ಡ, ಬಿಗಿಯಾದ ಅಕ್ಷರ. ಓದಿದೆ. ಯಾವ ಹಳ್ಳಿಯಲ್ಲಿ ಯಾರನ್ನು ಹಿಡಿದರು, ಎಲ್ಲಿ ಕಂದಾಯ ಕೊಡಲಿಲ್ಲ, ಮುಂದೆ ಏನು ಮಾಡಬೇಕು. ಆ ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ಅದೇ ಅಕ್ಷರವನ್ನು ನೋಡಿ ನಾನು ಅಕ್ಷರಮಾಲೆ ತಿದ್ದಿದ್ದೆ.

ತಲೆ ಎತ್ತಿದರೆ ರಾಚಪ್ಪನವರು ಎದುರಿಗೆ ನಿಂತಿದ್ದರು.

“ಮಾಲಕರ, ಇದು...”

“ನೀ ಊಟಕ್ಕ ಹೋದಾಗ ಹೊಡೀತಿದ್ನಿ,” ಎಂದರು ಮೆತ್ತಗೆ. “ನಿನ್ನ ಮಲ್ಲಪ್ಪನ ಹಾಳಿ ಮ್ಯಾಲ ಒಂದು, ಕೆಳಗ ಒಂದು. ನಡುವ ನಮ್ಮವು. ರೈಲಿನಾಗ ಹಂಗ ಹೋಗ್ತಿದ್ವು. ಚಂದ್ರಲೋಕದ ಹುಚ್ಚರು ಅಂತ ಯಾರೂ ಮುಟ್ಟತಿದ್ದಿಲ್ಲ.”

“ನಾ ಅವ್ವನ ಆಣಿ ಮಾಡಿದ್ನೆಲ್ರಿ!”

“ಅದಕ್ಕ ನಿನಗ ಹೇಳಲಿಲ್ಲ. ಗೊತ್ತಿದ್ರ ನಿನ್ನ ಮಾರಿ ಮ್ಯಾಲ ಕಾಣತಿತ್ತು.”

ಹದಿನಾಲ್ಕು ವರ್ಷ ದಿನಾಲೂ ಕಂಡ ಮನುಷ್ಯ. ಅಂದು ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು, ಬೀದಿಯಲ್ಲಿ ಪೊಲೀಸನೊಬ್ಬನನ್ನು ಕಂಡು ಎಂದಿನಂತೆ ಎದ್ದು ನಿಂತು ಕೈ ಮುಗಿದರು. ನಾನು ಒಳಗಿನಿಂದ ನೋಡಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಬೆನ್ನನ್ನು ನೋಡುತ್ತ, ನಾನು ಯಾರ ಚಿತ್ರ ತಾನೇ ಸರಿಯಾಗಿ ಬರೆದೇನು ಎನಿಸಿತು.

ಯುದ್ಧ ಮುಗಿದ ವರ್ಷದ ಮಳೆಗಾಲ. ಮಾಸ್ತರರು ಒಂದು ಅಮೆರಿಕನ್ ಮಾಸಿಕದಲ್ಲಿ ಹೊಸ ಬಗೆಯ ಬಾಂಬಿನ ಕಥೆ ಓದಿದ್ದರು. “ಒಂದು ಲಿಂಬಿಹಣ್ಣಿನಷ್ಟು ಧಾತು, ಚನ್ನಬಸಪ್ಪ! ಅದರೊಳಗ ಒಂದು ಊರನ್ನ ಹಾರಿಸೋ ಶಕ್ತಿ ಅಡಗಿರ್ತದ. ಲೆಕ್ಕ ಬರೋಬ್ಬರಿ ಅದ, ನಾ ಮಾಡಿ ನೋಡೀನಿ. ಇದರ ಮ್ಯಾಲೆ ಒಂದು ಚಿತ್ರಾ ಮಾಡೋಣ.” ನಾನು ಬರೆದೆ. ಮಲ್ಲಪ್ಪ ಮಂಗಳಲೋಕದ ಒಂದು ಊರಿನ ಮೇಲೆ ಹಾರುತ್ತಿದ್ದಾನೆ. ಮನೆ, ಮಾಳಿಗೆ, ಗೋಪುರ. ಅವನ ಕೈಯಿಂದ ಲಿಂಬೆಹಣ್ಣು ಜಾರುತ್ತದೆ. ನಾಲ್ಕನೆಯ ಚೌಕ ಬರೀ ಬಿಳಿ. ಐದನೆಯದು ಹೊಗೆ. ಆರನೆಯದರಲ್ಲಿ ಬಟ್ಟಬಯಲು, ಅದರ ಮೇಲೆ ಒಂದೇ ಒಂದು ರುಮಾಲು ನಿಧಾನಕ್ಕೆ ಇಳಿಯುತ್ತಿದೆ. ಮಲ್ಲಪ್ಪ ತಲೆ ಕೆರೆದುಕೊಂಡು ಹೇಳುತ್ತಾನೆ: “ಈಗರ ಇಲ್ಲೇ ಇತ್ತಲ್ಲೋ ಊರು!”

ಮಾಸ್ತರರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ. ನನ್ನ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎಂದುಕೊಂಡೆ. ಎಂಬತ್ತು ಪ್ರತಿಗಳೂ ಟಪಾಲಿಗೆ ಹೋದವು.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಛಾಪಖಾನೆಯಲ್ಲಿ ರಾಚಪ್ಪನವರು ದಿನಪತ್ರಿಕೆ ಓದುತ್ತಿದ್ದವರು ತಟ್ಟನೆ ನಿಲ್ಲಿಸಿ ಅದನ್ನು ನನ್ನ ಕಡೆ ತಳ್ಳಿದರು. ಜಪಾನಿನ ಒಂದು ಪಟ್ಟಣ. ಒಂದೇ ಬಾಂಬು. ನಾನು ಎರಡು ಸಲ ಓದಿದೆ. ಅಕ್ಷರ ಕಾಣುತ್ತಿದ್ದವು, ಅರ್ಥ ಒಳಗೆ ಇಳಿಯಲೊಲ್ಲದು. ಹೊತ್ತು ಏರುವುದರೊಳಗೆ ಧಾರವಾಡದಿಂದ ಮಾಸ್ತರರು ಬಂದರು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಬಂದವರೇ ಬೆಂಚಿನ ಮೇಲೆ ಕುಳಿತರು.

“ಸರ್, ಇದು ಅದನ ಏನ್ರಿ?” ಎಂದೆ.

“ಅದನ.”

“ಲಿಂಬಿಹಣ್ಣು?”

“ಲೆಕ್ಕ ಬರೋಬ್ಬರಿ ಅದ ಅಂತ ಹೇಳಿದ್ನೆಲ್ಲ,” ಎಂದು ಮುಖ ಆಚೆ ತಿರುಗಿಸಿದರು.

ನಾವು ಹಾಗೆ ಕುಳಿತಿರುವಾಗಲೇ ಟಪಾಲಿನವನು ಬಂದ. ನಾಲ್ಕು ಕಾರ್ಡುಗಳು. ಎಲ್ಲವೂ ಸುದ್ದಿ ಬರುವುದಕ್ಕಿಂತ ಮೊದಲು ಬರೆದವು. ಗದಗಿನ ಡಾಕ್ಟರು ಬರೆದಿದ್ದರು: ‘ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ನಮ್ಮಲ್ಲಿ ಸೌಟು ಕಾಣದಿದ್ದರೂ ಈಗರ ಇಲ್ಲೇ ಇತ್ತಲ್ಲೋ ಎನ್ನುತ್ತೇವೆ.’ ಮಾಸ್ತರರು ಅದನ್ನು ಓದಿ ನನ್ನ ಕೈಗೆ ಕೊಟ್ಟರು. ನಾನು ಓದಿ ಕೆಳಗಿಟ್ಟೆ. ಮೂರು ದಿನ ಹೀಗೆಯೇ ಕಾರ್ಡು ಬಂದವು, ಒಂದಕ್ಕಿಂತ ಒಂದು ನಗೆ. ನಾಲ್ಕನೆಯ ದಿನ ನಿಂತವು. ಆ ಹೊತ್ತಿಗೆ ಇನ್ನೊಂದು ಊರಿನ ಸುದ್ದಿಯೂ ಬಂದಿತ್ತು.

ಆ ಸಂಚಿಕೆಯನ್ನು ಮರಳಿ ತರಬೇಕೆಂದು ಮಾಸ್ತರರು ಹಟ ಹಿಡಿದರು. ಹುಬ್ಬಳ್ಳಿ, ಧಾರವಾಡದ ಓಣಿ ಓಣಿ ತಿರುಗಿದೆವು. ಕೆಲವರು ಕೊಟ್ಟರು. ಕೆಲವರು, “ಇರಲಿ ಬಿಡ್ರಿ, ನಿಮ್ಮ ತಪ್ಪೇನದ?” ಎಂದರು. ವರ್ಕ್‌ಶಾಪಿನ ಫಿಟ್ಟರರೊಬ್ಬರು, “ನೀವು ಬರದಿದ್ದು ಖರೇನ ಆತು, ಮತ್ಯಾಕ ಮುಚ್ಚಿಡತೀರಿ?” ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ರೈಲು ಹತ್ತಿ ಮುಗದಕ್ಕೆ ಹೋದೆವು.

ಮಲ್ಲಪ್ಪನವರು ಕೊಟ್ಟಿಗೆಯಲ್ಲಿದ್ದರು. ಅವರ ಮಗಳು ಮೊದಲಿನಿಂದಲೂ ನನ್ನ ಚಿತ್ರಗಳನ್ನೆಲ್ಲ ಹಿತ್ತಲ ಕಡೆಯ ಗೋಡೆಗೆ ಸಾಲಾಗಿ ಅಂಟಿಸಿದ್ದಳು. ಆ ಕೊನೆಯದೂ ಅಲ್ಲಿತ್ತು. ಸುದ್ದಿ ಅವರಿಗೂ ಮುಟ್ಟಿತ್ತು. ನೀರು, ಬೆಲ್ಲ ಕೊಟ್ಟರು. ನಾವು ಬಂದ ಕೆಲಸ ಹೇಳಿದೆವು.

ಅವರು ಗೋಡೆಯ ಹತ್ತಿರ ಹೋಗಿ ನಿಂತರು. “ತಮ್ಮಾ, ಈ ರುಮಾಲ ಯಾರದು?”

“ಅಲ್ಲಿಯ ಒಬ್ಬಾವಂದ್ರಿ ಕಾಕಾರ.”

“ಉಳದಾವ್ರು ಎಲ್ಲಿ ಹೋದ್ರು? ದನಾ ಕರಾ?”

ಆ ಊರಿನಲ್ಲಿ ನಾನು ಮನೆ, ಮಾಳಿಗೆ, ಗೋಪುರ ಬರೆದಿದ್ದೆ. ಒಬ್ಬ ಮನುಷ್ಯನನ್ನೂ ಬರೆದಿರಲಿಲ್ಲ. ಬರೆದಿದ್ದರೆ ನಗೆ ಬರುತ್ತಿರಲಿಲ್ಲ. ಅದು ಬರೆಯುವಾಗಲೇ ಕೈಗೆ ಗೊತ್ತಿತ್ತೇನೋ.

ಮಲ್ಲಪ್ಪನವರು ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ. “ಅದನ್ನ ನನ್ನ ಕೈಯಿಂದನ ಯಾಕ ಬೀಳಿಸಿದಿ?”

ಮಾಸ್ತರರು, “ಮಲ್ಲಪ್ಪನವರ, ಲಿಂಬಿಹಣ್ಣು ಹೇಳಿದಾವ ನಾನು,” ಎಂದರು.

“ನೀವು ಹೇಳಿದ್ರಿ, ಇವ ಬರದಾ. ಬೀಳಿಸಿದಾವ ನಾನು,” ಎಂದು ಮಲ್ಲಪ್ಪನವರು ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹರಿಯದ ಹಾಗೆ ಮಡಿಚಿ ನನಗೆ ಕೊಟ್ಟರು. ಸ್ಟೇಶನ್ನಿನವರೆಗೆ ಕಳಿಸಲು ಬಂದರು. ಬೆಳೆಯ ಮಾತಾಡಿದರು. ರೈಲಿನಲ್ಲಿ ನಾನೂ ಮಾಸ್ತರರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮುಂದಿನ ಸಂಚಿಕೆಗೆ, ಲಿಂಬೆಹಣ್ಣನ್ನು ಮಲ್ಲಪ್ಪ ಧೋತರದ ತುದಿಗೆ ಗಂಟು ಹಾಕಿಕೊಂಡು ಆ ಊರಿನ ಮೇಲೆ ಸುಮ್ಮನೆ ಹಾಯ್ದುಹೋದಂತೆ ಬರೆದುಕೊಂಡು ಹೋದೆ. ಮಾಸ್ತರರು ನೋಡಿ ತಲೆ ಅಲ್ಲಾಡಿಸಿದರು. “ಬಿದ್ದದ್ದು ಬಿದ್ದದ, ಚನ್ನಬಸಪ್ಪ. ಬೀಳಲಿಲ್ಲ ಅಂತ ಬರಿಯಾಕ ಬರೂದಿಲ್ಲ. ಅದು ವಿಜ್ಞಾನ ತಪ್ಪಿದಂಗ.”

ಅದು ಸರಿ ಎನಿಸಿತು. ಆಗ ನಾನು ಚೌಕಗಳನ್ನು ಬಿಟ್ಟೆ. ಒಂದೇ ದೊಡ್ಡ ಹಾಳೆ. ಅದರಲ್ಲಿ ಜಪಾನಿನ ಆ ಊರು, ಆ ಬೆಳಗಿನದು, ಬಿಳಿಯಾಗುವುದಕ್ಕಿಂತ ಒಂದು ಗಳಿಗೆ ಮೊದಲಿನದು. ಈ ಸಲ ಮಂದಿ. ಆದರೆ ಅಲ್ಲಿಯ ಮಂದಿ ಹೇಗಿರುತ್ತಾರೆ, ಏನು ಉಡುತ್ತಾರೆ, ಬೆಳಿಗ್ಗೆ ಏನು ಮಾಡುತ್ತಾರೆ? ಮಾಸ್ತರರನ್ನು ಕೇಳಿದೆ. ಜಗತ್ತಿನ ಎಲ್ಲ ಗ್ರಹಗಳ ತೂಕ ಬಲ್ಲ ಅವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಮಂದಿ ನಮ್ಮ ಓಣಿಯವರು. ಅವರನ್ನೇ ಬರೆದೆ. ನಳದ ಮುಂದೆ ಕೊಡ ಇಟ್ಟು ನಿಂತ ಅವ್ವ. ಬಳೆಗಾರ. ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹತ್ತಿ ದಲಾಲಿ. ತಲೆ ಬಾಚಿಸಿಕೊಳ್ಳುತ್ತ ಅಳುತ್ತಿದ್ದ ಕೂಸು. ಗಬ್ಬೂರಿನ ಕಡೆಯಿಂದ ಬಂದು ನಿಂತ ಚಕ್ಕಡಿ, ಅದರ ಎತ್ತು. ಮೇಣದ ಹಾಳೆಯ ಮೇಲೆ ಒಂದೊಂದು ಮುಖದ ಸುತ್ತಿನಲ್ಲೂ ಕೂದಲೆಳೆಯಷ್ಟು ಜಾಗ ಬಿಡುತ್ತ ಒಂಬತ್ತು ದಿನ ಗೀರಿದೆ. ಕೆಳಗೆ ಬರೆಯಲು ಮಾಸ್ತರರು ಒಂದು ಸಾಲು ಹುಡುಕುತ್ತ ಒಂದು ಮಧ್ಯಾಹ್ನವೆಲ್ಲ ಕುಳಿತರು, ಏನೂ ಬರೆಯದೆ ಎದ್ದು ಹೋದರು. ಗ್ರಹಾಂತರ ಅಲ್ಲಿಗೆ ನಿಂತಿತು. ಆ ಸಂಚಿಕೆಗೆ ಒಂದು ಕಾರ್ಡೂ ಬರಲಿಲ್ಲ.

ಅಚ್ಚು ಹಾಕಿದ ದಿನದ ಒಂದು ಮಾತು ಮಾತ್ರ ಹೇಳಬೇಕು. ಮೊದಲನೆಯ ಹಾಳೆ ಉರುಳೆಯಿಂದ ಹೊರಗೆ ಬಂದಾಗ ರಾಚಪ್ಪನವರು ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಮೇಲಿನಿಂದ ಕೆಳಗೆ ಒಬ್ಬೊಬ್ಬರನ್ನೇ ಬೆರಳಿಂದ ಮುಟ್ಟುತ್ತ ಬಂದರು. ಒಂದು ಕಡೆ ಬೆರಳು ನಿಂತಿತು.

“ಚನ್ನಬಸೂ, ಇವ ನಾನೇನೋ?”

“ಹೌದ್ರಿ.”

“ಕೈಯಾಗೇನೈತಿ ಇದು?”

“ಚಾದ ಕಪ್ಪರಿ.”

ಅವರು ಹಾಳೆಯನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದರು.

“ಕುಡದು ಮುಗಿಸಿದ್ನೇನು?” ಎಂದು ಕೇಳಿದರು.